ಎಲ್‌ಕೆಜಿ ಓದುವ ಸಾವಕಾರ

ನಮ್ಮ ಬನಹಟ್ಟಿಯ ಓಣಿಯಲ್ಲಿ ಎಂಟು ಪವರ್‌ಲೂಮಿನ ಸಾವಕಾರರೊಬ್ಬರಿದ್ದಾರೆ. ವಯಸ್ಸು ನಲವತ್ತೊಂದು. ಓದುತ್ತಿರುವುದು ಎಲ್‌ಕೆಜಿ.

ಹಾಜರಿ ಪುಸ್ತಕದಲ್ಲಿ ಇರುವುದು ಅವರ ನಾಲ್ಕು ವರ್ಷದ ಮಗನ ಹೆಸರು, ಅದು ನಿಜ. ಆದರೆ ಸಾವಕಾರರ ಮಾತು ಕೇಳಿದವರು ಹಾಜರಿ ಪುಸ್ತಕವನ್ನು ನಂಬುವುದಿಲ್ಲ. “ಮಂಗಳವಾರ ನಮಗ ಓರಲ್ ಐತ್ರಿ.” “ನಾವು ಎಂ ತನಕ ಮುಗಿಸೇವಿ, ಎನ್ನಿನ್ಯಾಗ ಸ್ವಲ್ಪ ವೀಕ್ ಅದೀವಿ.” “ನಿನ್ನೆ ನಮಗ ನೆಗಡಿ ಆಗಿತ್ತು, ಸಾಲಿಗೆ ಹೋಗಲಿಲ್ಲ.” ಇಚಲಕರಂಜಿಯ ನೂಲಿನ ವ್ಯಾಪಾರಿ ಬಾಕಿ ಕೇಳಲು ಫೋನು ಮಾಡಿದಾಗ, “ಇವತ್ತ ಆಗೂದಿಲ್ರಿ, ನಾಳೆ ನಮಗ ಯಲ್ಲೋ ಡೇ ಐತಿ” ಎಂದು ಹೇಳಿ ಫೋನಿಟ್ಟದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಆ ವ್ಯಾಪಾರಿ ಅದನ್ನು ಹೊಸ ನಮೂನೆಯ ಸರಕಾರಿ ರಜೆ ಎಂದು ತಿಳಿದು ಸುಮ್ಮನಾದನಂತೆ.

ಇಂಥ ಅಪ್ಪಂದಿರು ಬನಹಟ್ಟಿಯ ಒಂದೇ ಬೆಳೆಯಲ್ಲ. ನನ್ನ ತಂಗಿಯನ್ನು ಜಮಖಂಡಿಗೆ ಕೊಟ್ಟಿದ್ದೇವೆ, ಷಡ್ಡಕ ಮುಧೋಳದಲ್ಲಿದ್ದಾನೆ, ಹಳೇ ಗೆಳೆಯನೊಬ್ಬ ಬೀಳಗಿಯಲ್ಲಿ ಮಾಸ್ತರ. ಹೀಗಾಗಿ ನಾಲ್ಕೂ ಕಡೆಯ ತಳಿಯನ್ನು ಹತ್ತಿರದಿಂದ ನೋಡಿದ್ದೇನೆ. ಆಷಾಢ ಬಂತೆಂದರೆ ಸಾಕು, ಎಲ್ಲ ಊರಿನ ನರ್ಸರಿಗಳಿಗೂ ಒಮ್ಮೆಲೇ ‘ಕೈಟ್ ಡೇ’ ನೆನಪಾಗುತ್ತದೆ. ಆಗ ಅಪ್ಪಂದಿರ ಬಣ್ಣ ಬಯಲಾಗುತ್ತದೆ.

ಜಮಖಂಡಿ ಪಟವರ್ಧನರು ಆಳಿದ ಊರು. ಸಂಸ್ಥಾನ 1948ರಲ್ಲಿ ವಿಲೀನವಾಗಿ ಹೋಯಿತು, ಆದರೆ ಪಟ ವರ್ಧಿಸುವ ಕೆಲಸವನ್ನು ಊರಿನವರು ಬಿಟ್ಟಿಲ್ಲ. ಶಾಲೆಯವರು ಒಂದು ಗೇಣಿನ ಪಟ ಕೇಳಿದರೆ ನನ್ನ ತಂಗಿಯ ಗಂಡ ಬಾಗಿಲಲ್ಲಿ ಹಿಡಿಸದಂಥ ಪಟ ಮಾಡಿದ. “ಕೂಸಿನ ಕಡಿಂದ ಸ್ವಲ್ಪರ ಮಾಡಸೂದಲ್ಲೇನ್ರಿ ಮಾವಾರ?” ಎಂದರೆ, “ಅದರ ದಾರಿ ಕಾಯಕೋಂತ ಕುಂತರ ಆಗೂ ಮಾತನ?” ಎಂದ. ಅವನನ್ನು ಬೈದು ಏನು ಮಾಡುವುದು! ಸರಕಾರದ ದಾರಿ ಕಾಯದೆ ರೈತರೇ ಕೈಗೂಡಿಸಿ 1989ರಲ್ಲಿ ಚಿಕ್ಕಪಡಸಲಗಿ ಹತ್ತಿರ ಕೃಷ್ಣೆಗೆ ಬ್ಯಾರೇಜು ಕಟ್ಟಿದ ಸೀಮೆ ಅದು. ಅಲ್ಲಿಯ ಗಾಳಿಯಲ್ಲೇ ಆ ಗುಣವಿದೆ.

ಮುಧೋಳದ ಷಡ್ಡಕನಿಗೆ ತನ್ನ ಊರಲ್ಲಿ ರನ್ನ ಹುಟ್ಟಿದ್ದು ನಿನ್ನೆ ಮೊನ್ನೆ ಎಂಬಂತೆ ನೆನಪು. ಪಟದ ಬೆನ್ನಿಗೆ ತಾನೇ ಹೊಸೆದ ಕಂದಪದ್ಯ ಬರೆದು ಮಗಳ ಕೈಗೆ ಕೊಟ್ಟ. ಆ ಕೂಸಿಗೆ ಇನ್ನೂ ‘ರ’ ತಿದ್ದಲು ಬಾರದು. ಮರುವರ್ಷ ಪಟವನ್ನೇ ಮುಧೋಳ ನಾಯಿಯ ಆಕಾರಕ್ಕೆ ಕತ್ತರಿಸಿದ. “2005ರಾಗ ಅಂಚೆ ಚೀಟಿ ಮ್ಯಾಲೆ ಬಂದ ನಾಯಿ, ಆಕಾಶದ ಮ್ಯಾಲೆ ಯಾಕ ಬರಬಾರದು?” ಎಂಬುದು ಅವನ ವಾದ. ಅದು ಓಡುವ ಜಾತಿ, ಹಾರುವ ಜಾತಿ ಅಲ್ಲ ಎಂಬುದು ಶಾಲೆಯ ಮೈದಾನದಲ್ಲಿ ಸಿದ್ಧವಾಯಿತು. ಕೂಸು ದಾರ ಹಿಡಿದು ಓಡಿದಷ್ಟೂ ನಾಯಿ ಹಿಂದೆ ಹಿಂದೆ ನೆಲದ ಮೇಲೇ ಓಡಿತು.

ಬೀಳಗಿಯವನದು ಬೇರೆಯೇ ದಾರಿ. ಆಲಮಟ್ಟಿಯ ಹಿನ್ನೀರಿಗೆ ಹೊಲ ಮನೆ ಕೊಟ್ಟು, ಪರಿಹಾರದ ಕಡತ ಹಿಡಿದು ಕಚೇರಿ ಅಲೆದ ಮನೆತನ. ಆದ್ದರಿಂದ ಅವನಿಗೆ ಪಟಕ್ಕಿಂತ ಪುರಾವೆ ಮುಖ್ಯ. ಮಗ ಕಡ್ಡಿ ಹಿಡಿದದ್ದಕ್ಕೆ ಒಂದು ಫೋಟೊ, ಅಂಟು ಹಚ್ಚಿದ್ದಕ್ಕೆ ಒಂದು ಫೋಟೊ, ಪಟದ ಚೆಕ್ಕುಬಂದಿ ಸಮೇತ ನಾಲ್ಕು ದಿಕ್ಕಿನ ಫೋಟೊ. ಮಗ ಪಟ ಮುಟ್ಟಿದ್ದು ಫೋಟೊ ತೆಗೆಯುವಾಗ ಮಾತ್ರ.

ಇರಲಿ, ನಮ್ಮ ಸಾವಕಾರರಿಗೆ ಬರೋಣ. ಅವರ ಎಲ್‌ಕೆಜಿ ವಿದ್ಯಾಭ್ಯಾಸ ಶುರುವಾದದ್ದೇ ನೇಯ್ಗೆಯಿಂದ. ಕಳೆದ ವರ್ಷ ಶಾಲೆಯಿಂದ ‘ಪೇಪರ್ ವೀವಿಂಗ್’ ಎಂಬ ಕೆಲಸ ಬಂತು. ಬಣ್ಣದ ಹಾಳೆಯ ಪಟ್ಟಿಗಳನ್ನು ಒಂದರ ಮೇಲೊಂದು, ಒಂದರ ಕೆಳಗೊಂದು ತೂರಿಸಿ ಚಾಪೆ ಮಾಡುವುದು. ಮನೆಯ ಹಿಂದೆ ಎಂಟು ಮಗ್ಗ ಖಟಖಟ ಎನ್ನುತ್ತಿದ್ದವು. ಹಾಸು ಹೊಕ್ಕು ಎಂದರೇನೆಂದು ಆ ಮನೆಯ ಬೆಕ್ಕಿಗೂ ಗೊತ್ತು. ಸಾವಕಾರರು ಮಾತ್ರ ಆನ್‌ಲೈನಿನಲ್ಲಿ ಆರುನೂರು ರೂಪಾಯಿಯ ಕಿಟ್ ತರಿಸಿ, ಕನ್ನಡಕ ಏರಿಸಿ, ಅದರ ಸೂಚನೆಗಳನ್ನು ಓದುತ್ತ ಕೂತರು. ಲಾಳಿ ಹೊಡೆದು ಹೊಡೆದು ಕೈ ಜಡ್ಡುಗಟ್ಟಿದ ಮುತ್ಯಾ ಕಟ್ಟೆಯ ಮೇಲಿಂದಲೇ ಕೇಳಿದರು: “ಏನೋ ಅದು?” “ನೇಯೂದು ಕಲಿಯಾಕತ್ತೀವಿ ಅಪ್ಪಾರ.” ಮುತ್ಯಾ ಎರಡು ದಿನ ಯಾರ ಸಂಗಡವೂ ಮಾತಾಡಲಿಲ್ಲ.

ಈ ವಿದ್ಯೆಯ ಮೂಲವನ್ನು ಸಾವಕಾರರೇ ರಾತ್ರಿ ಫೋನಿನಲ್ಲಿ ಓದಿ ನನಗೆ ಹೇಳಿದರು. ಜರ್ಮನಿಯ ಫ್ರೋಬೆಲ್ ಎಂಬ ಪುಣ್ಯಾತ್ಮ 1837ರಲ್ಲಿ ಸಣ್ಣ ಮಕ್ಕಳಿಗೆಂದೇ ಶಾಲೆ ತೆರೆದನಂತೆ. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟನಂತೆ. ಹಾಳೆ ಮಡಚುವುದು, ಹಾಳೆ ನೇಯುವುದು, ಕಡ್ಡಿ ಜೋಡಿಸುವುದು ಎಲ್ಲ ಅವನ ಪಾಠಗಳೇ. “ಆಟದಾಗ ಪಾಠ ಅಂದಾನ ನೋಡ್ರಿ ಆ ಮನಶಾ!” ಎಂದು ಸಾವಕಾರರು ಕಣ್ಣರಳಿಸಿದರು. ಹಾಳೆಯನ್ನು ಅವನು ಮಕ್ಕಳ ಕೈಗೆ ಕೊಟ್ಟನೋ ಅಪ್ಪಂದಿರ ಕೈಗೋ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರಿಗೆ ರೈಮ್ಸಿನ ಹೊತ್ತಾಯಿತು.

ಈ ಆಷಾಢದಲ್ಲಿ ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೆ ಸಂದೇಶ ಬಂತು: ‘ಶನಿವಾರ ಕೈಟ್ ಡೇ. ಮಕ್ಕಳು ತಾವೇ ಮಾಡಿದ ಗಾಳಿಪಟ ತರಬೇಕು. ಪಾಲಕರು ಸಹಾಯ ಮಾಡಬಹುದು.’ ಎಲ್ಲ ಅನಾಹುತಕ್ಕೂ ಆ ‘ಸಹಾಯ’ವೇ ಮೂಲ.

ಬುಧವಾರ ಸಾವಕಾರರು ಬೈಕು ಹತ್ತಿ ರಬಕವಿಗೆ ಹೋಗಿ ಬಿದಿರುಕಡ್ಡಿ ತಂದರು. ಗುರುವಾರ ಜಮಖಂಡಿಗೆ ಹೋಗಿ ಬೇಗಡೆ ಹಾಳೆ, ಚಮಕಿ, ಮೂರು ನಮೂನೆಯ ಅಂಟು ತಂದರು. ಶುಕ್ರವಾರ ಸಂಜೆ ಮಗ್ಗದ ಆಳುಗಳಿಗೆ ರಜೆ ಕೊಟ್ಟರು. ಪಡಸಾಲೆಯಲ್ಲಿ ಚಾಪೆ ಹಾಸಿ, ನಡುವೆ ತಾವು ಕೂತು, ಮಗನನ್ನು ಎದುರು ಕೂರಿಸಿಕೊಂಡರು.

“ಪಪ್ಪಾ, ನಾ ಹಚ್ಚತೀನಿ.”

“ತಡೀ, ಕೆಡಸ್ತೀ.”

“ಪಪ್ಪಾ, ನಾ ಕತ್ತರಿ…”

“ಕೈಗಿ ಹತ್ತತೈತಿ, ಸುಮ್ಮ ಕುಂದ್ರು.”

“ಪಪ್ಪಾ, ನಾ ಏನ ಮಾಡ್ಲಿ?”

“ನೀ ನೋಡು.”

ಹುಡುಗ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಿದ್ದಿದ್ದ ಚೂರುಹಾಳೆಯನ್ನು ಪರಪರ ಹರಿದು, ಅಜ್ಜನ ತೊಡೆಯ ಮೇಲೆ ಕೂತು, ಅವರ ಹೆಬ್ಬೆರಳಿನಿಂದ ಕಿರುಬೆರಳ ತನಕ ಒಂದೊಂದು ಚೂರು ಅಂಟಿಸಿದ. ಐದು ಬೆರಳು, ಐದು ಬಣ್ಣ. ಎಣಿಸಿದ ಕೂಡ. ಅದನ್ನು ಯಾರೂ ಫೋಟೊ ತೆಗೆಯಲಿಲ್ಲ.

“ಇದಕ್ಯಾಕ ಇಷ್ಟ ಒದ್ದಾಡತೀಯೋ?” ಎಂದರು ಮುತ್ಯಾ. “ನಾವು ಕಸಬರಿಗಿ ಕಡ್ಡಿ ಮುರದು, ಹಳೀ ಪೇಪರಿಗೆ ಜ್ವಾಳದ ಗಂಜಿ ಬಡದು, ನಿಮ್ಮವ್ವನ ಹಳೀ ಸೀರಿ ದಡಿ ಬಾಲಂಗೋಚಿ ಕಟ್ಟಿ ಹಾರಸ್ತಿದ್ವಿ.” ಮುತ್ಯಾನ ಕಾಲದಲ್ಲಿ ಇಡೀ ಮಳೆಗಾಲವೇ ಬಾಲವಾಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವುದು, ಆಷಾಢದ ಮಂಗಳವಾರ ಗುಳ್ಳವ್ವನನ್ನು ಕೂರಿಸುವುದು, ಗಾಳಿ ಎದ್ದರೆ ಪಟ, ಪಂಚಮಿಗೆ ಜೋಕಾಲಿ. ಎತ್ತಿಗೆ ಕೋಡು ಮೂರಾದರೂ ಯಾರೂ ಮಾರ್ಕು ಕಡಿಮೆ ಮಾಡುತ್ತಿರಲಿಲ್ಲ. ಫೀಯಂತೂ ಇರಲೇ ಇಲ್ಲ.

ಆ ಶಾಲೆಯ ಒಂದು ಶಾಖೆ ಇನ್ನೂ ನಮ್ಮ ಹಿಂದಿನ ಓಣಿಯಲ್ಲಿ ನಡೆದಿದೆ ಎಂದರೂ ತಪ್ಪಲ್ಲ. ಅದು ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಯೋಜನೆ. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಗುರುವಾರ ಆ ದಾರಿಯಲ್ಲಿ ಹೋಗುವಾಗ ಕಿಟಕಿಯಲ್ಲಿ ಇಣುಕಿದೆ. ಅಲ್ಲಿಯೂ ಪಟದ ಪಾಠವೇ. ಅಂಗನವಾಡಿ ಅಕ್ಕ ಚೌಕ ಹಾಳೆಯೊಂದನ್ನು ಮೂಲೆಗೆ ಮೂಲೆ ಕೂಡಿಸಿ ಮಡಚಿ, “ಇದೇನು?” ಎಂದರು. “ಸಮೋಸಾ!” ಎಂದವು ಮಕ್ಕಳು. “ಹೌದು, ಮೂರು ಮೂಲಿ ಸಮೋಸಾ. ಬಿಚ್ಚಿದ್ರ?” “ಪಟ!” ತ್ರಿಕೋನದ ಪಾಠ ಮುಗಿಯಿತು. ಮಕ್ಕಳು ಹಳೇ ಪೇಪರು ಹರಿದು ಬಾಲಕ್ಕೆ ತುಂಡು ಅಂಟಿಸುತ್ತಿದ್ದವು. ಒಬ್ಬನದರಲ್ಲಿ ಮೂರು, ಒಬ್ಬಳದರಲ್ಲಿ ಹನ್ನೊಂದು. ಅರ್ಧ ಅಂಟು ಹಾಳೆಗೆ, ಅರ್ಧ ತಲೆಗೂದಲಿಗೆ. “ಹರಿದು ಹಚ್ಚಿದ್ರ ಬೆರಳಿಗೆ ಕಸುವು ಬರತೈತ್ರಿ. ಬೆರಳಿಗೆ ಕಸುವು ಬಂದ್ರ ಮುಂದ ಪೆನ್ಸಿಲ್ ತಾನ ನಿಂದರತೈತಿ” ಎಂದರು ಅಕ್ಕ. ಸಾವಕಾರರ ಪೆನ್ಸಿಲ್ ಚೆನ್ನಾಗಿಯೇ ನಿಲ್ಲುತ್ತದೆ. ಈಗ ಎಲ್‌ಕೆಜಿಯಲ್ಲಿ ಅವರಷ್ಟು ಬೆರಳ ಕಸುವಿನವರು ಯಾರೂ ಇಲ್ಲ.

ರಾತ್ರಿ ಎರಡು ಗಂಟೆಗೆ ಪಟ ಮುಗಿಯಿತು. ಚಮಕಿ, ಕನ್ನಡಿಚೂರು, ಸುತ್ತ ಜರಿಯ ಅಂಚು. ಸೀರೆಯ ಮೇಲೆ ಹಾಕಲಾರದೆ ಉಳಿದ ಆಸೆಗಳೆಲ್ಲ ಅದರ ಮೇಲಿದ್ದವು. ವೈನಿ ಎದ್ದು ಬಂದು ನೋಡಿ, “ಏನ್ರೀ, ಇದನ್ನ ಹಾರಸೂದೋ, ಉಡಸೂದೋ?” ಎಂದರು. ಸೂತ್ರ ಕಟ್ಟಲು ಮಾಂಜಾ ತರೋಣವೆಂದು ಸಾವಕಾರರಿಗೆ ಮನಸ್ಸಿತ್ತು. ನೈಲಾನ್ ಮಾಂಜಾ ಹಕ್ಕಿಗಳ, ಮನುಷ್ಯರ ಕುತ್ತಿಗೆ ಕೊಯ್ಯುತ್ತದೆಂದು ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಕ್ಕೆಲ್ಲ ನಿಷೇಧಿಸಿದೆ ಎಂದು ನಾನು ಹೇಳಿದ ಮೇಲೆ, ಮಗ್ಗದ ಕಂಡಿಕೆಯಿಂದಲೇ ಹತ್ತಿ ನೂಲು ಬಿಚ್ಚಿಕೊಂಡರು. ಇಡೀ ಪಟದಲ್ಲಿ ಮನೆಯದೆನ್ನುವ ವಸ್ತು ಅದೊಂದೇ.

ಶನಿವಾರ ಮೈದಾನದಲ್ಲಿ ಅಪ್ಪಂದಿರ ಜಾತ್ರೆ. ಎಲ್ಲರ ಕಣ್ಣೂ ನಿದ್ದೆಗೆಟ್ಟು ಕೆಂಪಾಗಿದ್ದವು, ಎಲ್ಲರ ಉಗುರಲ್ಲೂ ಅಂಟು. ಮಕ್ಕಳು ಮಾತ್ರ ಹಾಯಾಗಿ ಮಲಗಿ ಎದ್ದು ಬಂದಿದ್ದವು. ಸಾವಕಾರರ ಪಟ ಏಳಲಿಲ್ಲ. ಆಷಾಢದ ಗಾಳಿಗೂ ಎತ್ತಲಾರದ ಭಾರವೆಂದು ಒಂದಿರುವುದು ಅಂದು ಗೊತ್ತಾಯಿತು. ಆದರೆ ಅಲ್ಲಿ ಹಾರುವುದಕ್ಕೆ ಬಹುಮಾನವಿರಲಿಲ್ಲ. ಗೋಡೆಗೆ ತೂಗುಹಾಕಿದ್ದರಲ್ಲಿ ಚೆಂದದ್ದಕ್ಕೆ ಬಹುಮಾನ. ಮೊದಲನೆಯದು ನಮ್ಮವರಿಗೇ.

ಟೀಚರ್ ಹುಡುಗನನ್ನು ಮುಂದೆ ಕರೆದು, ಬಂಗಾರದ ಬಣ್ಣದ ಸ್ಟಾರ್ ಹಿಡಿದು, ಮೈಕಿನಲ್ಲಿ ಕೇಳಿದರು: “ಇಷ್ಟು ಚೆಂದ ಪಟ ಯಾರು ಮಾಡ್ಯಾರು?”

ಸಾವಕಾರರು ಮೊದಲ ಸಾಲಿನಿಂದ ತುಟಿ ಅಲ್ಲಾಡಿಸಿ ಉತ್ತರ ಹೇಳಿಕೊಟ್ಟರು. ಹುಡುಗ ಅಪ್ಪನ ಕಡೆ ನೋಡಿದ, ಸ್ಟಾರಿನ ಕಡೆ ನೋಡಿದ.

“ನಮ್ಮ ಪಪ್ಪಾ. ನಾ ಮಕ್ಕೊಂಡಿದ್ದೆ. ಪಪ್ಪಾ ಚೊಲೊ ಮಾಡ್ಯಾನ, ಅವಗ ಹಚ್ಚರಿ.”

ಮೈದಾನವೆಲ್ಲ ನಕ್ಕಿತು, ಒಳಗೊಳಗೇ ಎಲ್ಲ ಅಪ್ಪಂದಿರೂ ತಂತಮ್ಮ ಮಕ್ಕಳ ಬಾಯಿಯ ಮೇಲೆ ಕಣ್ಣಿಟ್ಟರು. ಟೀಚರ್ ಬೇರೆ ದಾರಿ ಕಾಣದೆ, ಕೆಳಗಿಳಿದು ಬಂದು ಆ ಸ್ಟಾರನ್ನು ಸಾವಕಾರರ ಅಂಗಿಯ ಕಿಸೆಗೆ ಹಚ್ಚಿಯೇಬಿಟ್ಟರು.

ಅವರು ನಾಚಿಕೆಪಟ್ಟು ಕಿತ್ತೊಗೆದಾರು ಎಂದುಕೊಂಡಿದ್ದೆ. ಇಲ್ಲ. ಸಂಜೆ ಬಾಕಿಗೆಂದು ಖುದ್ದಾಗಿ ಬಂದ ಇಚಲಕರಂಜಿ ವ್ಯಾಪಾರಿಯ ಎದುರೂ ಅದು ಕಿಸೆಯ ಮೇಲೆ ಹೊಳೆಯುತ್ತಲೇ ಇತ್ತು. “ಇದೇನ್ರಿ ಸಾವಕಾರ?” ಎಂದು ಅವನು ಕೇಳಿದ್ದಕ್ಕೆ, “ಫಸ್ಟ್ ಬಂದೇವಿ” ಎಂದು ಹೇಳಿ, ಒಂದು ವರ್ಷದ ಬಾಕಿಯನ್ನು ಒಂದೇ ಕಂತಿನಲ್ಲಿ ಎಣಿಸಿ ಕೊಟ್ಟರು.

ಒಳಗೆ ಮುತ್ಯಾನ ಪಕ್ಕ ಕೂತು ಪೇಪರು ಹರಿಯುತ್ತಿದ್ದ ಹುಡುಗ ತಲೆ ಎತ್ತದೆಯೇ ಕೂಗಿದ: “ಪಪ್ಪಾ, ಸೋಮವಾರ ನಿಂದ ಆನಿ ಮಾಡೂದೈತಿ. ಲಗೂ ಮಕ್ಕೋಬ್ಯಾಡ.”