ಕಬ್ಬಿನ ಮರ

ಮದ್ದೂರು ರೈಲ್ವೆ ಸ್ಟೇಷನ್ನು. ಮಾವನ ಕೈಲಿ ವಡೆ, ಸೋದರಳಿಯನ ಕೈಲಿ ಮೊಬೈಲು. (ಎರಡರಲ್ಲಿ ಗರಿಗರಿ ಯಾವುದೆಂದು ಹೇಳಬೇಕಿಲ್ಲ.)

"ಮಾವ, ಕಬ್ಬಿನ ಮ್ಯಾಲೆ ಕವನ ಬರೆಸ್ದೆ. ಮೂರೇ ಸೆಕೆಂಡು!"

"ಯಾರ್ ಕೈಲ್ಲಾ?"

"ಎಐ ಕೈಲಿ."

"ನಮ್ ಕಿಕ್ಕೇರಿ ನರಸಿಂಹಸ್ವಾಮಿಯೋರು 1942ರಲ್ಲಿ 'ಮೈಸೂರ ಮಲ್ಲಿಗೆ' ತಂದಾಗ ಅವ್ರ ತಾವ ಚಾರ್ಜರ್ ಇರ್ನಿಲ್ಲ ಕಣ್ಲಾ. ಓದು, ಕೇಳಾನ."

"ಕಬ್ಬಿನ ಮರದ ನೆರಳಲಿ ರೈತ ನಗುತಿಹನು..."

"ಮರವಾ? ಅದ್ರಲ್ಲೂ ನಗ್ತಾವ್ನಾ? ಕಬ್ಬಿನ ಬಾಕಿ ಬಟವಾಡೆ ಆಗೈತಾ ಅಂತ ಕೇಳ್ಲಾ ಅದ್ನ!"

"ಇರಿ, ತಿದ್ದುಸ್ತೀನಿ... ಅಯ್ಯೋ, ಚಾರ್ಜೇ ಹೋಯ್ತು!"

"ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತು. ನಿನ್ ಕವೀಗೆ ಮಾತ್ರ ತಲುಪ್ನಿಲ್ಲ."

"ಸಂಜೆ ಮಂಡ್ಯದಲ್ಲಿ ಕವಿಗೋಷ್ಠಿ ಮಾವ!"

"ಬಾಯಲ್ಲೇ ಹೇಳ್ಬುಡು."

"ಕವನ ನಂಗೆಲ್ಲಿ ನೆಪ್ಪೈತೆ? ನಾನೇನ್ ಬರೆದ್ನಾ?"