ಇಗತಪುರಿಯಲ್ಲಿ ಇಳಿದ ಮೆನು

ವಿಪಶ್ಯನ ಧ್ಯಾನಕ್ಕೆ ಜನ ಸಂಸಾರದ ತಾಪತ್ರಯ ಮರೆಯಲು ಹೋಗುತ್ತಾರೆ. ನಾನು ಹೋದದ್ದು ಸೀರೆ ಅಂಗಡಿಯೊಂದರ ವೆಬ್‌ಸೈಟಿಗೆ ಬರೆಯುತ್ತಿದ್ದ ಮೆನು ಮರೆಯಲು. ‘ಸೀರೆ’ ಎಂಬಲ್ಲಿ ಮೌಸ್ ಇಟ್ಟರೆ ಇಳಕಲ್, ಮೊಳಕಾಲ್ಮೂರು ಎಂದು ಪಟ್ಟಿ ಇಳಿಯಬೇಕು; ಇಳಕಲ್ ಮೇಲಿಟ್ಟರೆ ಪಕ್ಕದಲ್ಲಿ ಚಿಕ್ಕಿ, ಗೋಮಿ ಎಂದು ದಡಿಗಳ ಇನ್ನೊಂದು ಪಟ್ಟಿ ಬಿಚ್ಚಿಕೊಳ್ಳಬೇಕು. ಹೊಸ ಮಾಲು ಬಂದರೆ ಮೆನು ತಾನೇ ಬೆಳೆಯಬೇಕು. ಅದೆಲ್ಲ ಆಯಿತು. ಹೆಸರುಗಳ ಪಟ್ಟಿ ಕೊಟ್ಟರೆ ಜಾವಾಸ್ಕ್ರಿಪ್ಟ್ ಒಂದೊಂದಕ್ಕೂ ಸಾಲು ಹುಟ್ಟಿಸಿ ಜೋಡಿಸುತ್ತದೆ. ಆದರೆ ಇಳಕಲ್‌ನಿಂದ ಗೋಮಿಗೆ ಓರೆಯಾಗಿ ಹೊರಟ ಮೌಸ್ ದಾರಿಯಲ್ಲಿ ಮೊಳಕಾಲ್ಮೂರನ್ನು ಸೋಕಿದರೆ ಸಾಕು, ಗೋಮಿ ಮಾಯ. “ಗಿರಾಕಿ ಕೈ ನೆಟ್ಟಗೆ ಇಟ್ಟುಕೊಳ್ಳಲಿ” ಎಂದೆ. ಮಾಲೀಕರು ಫೋನ್ ಇಟ್ಟರು.

ಡೊಂಬಿವಲಿಯಿಂದ ರೈಲು ಹತ್ತಿದೆ. ಕಸಾರಾದಲ್ಲಿ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ ತಗುಲಿಸಿಕೊಂಡು, 37 ಅಡಿಗೆ ಒಂದಡಿ ಏರುವ ಥಳ್ ಘಾಟ್ ದಾಟಿದರೆ ಇಗತಪುರಿ. ವಿಪಶ್ಯನ ಗುರು ಗೋಯೆಂಕಾ ಅವರ ಧಮ್ಮಗಿರಿ ಕೇಂದ್ರ 1976ರಿಂದ ಇಲ್ಲಿದೆ. ಶಿಬಿರ ಹತ್ತು ದಿನದ್ದು. ಫೋನು, ಪೆನ್ನು, ಮಾತು ಮೂರನ್ನೂ ಒಪ್ಪಿಸಿ ಒಳಗೆ ಹೋಗಬೇಕು. 1995ರ ಮೇ ತಿಂಗಳಲ್ಲಿ ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟಿನ ಮೊದಲ ರೂಪ ಬರೆದದ್ದೂ ಹತ್ತೇ ದಿನದಲ್ಲಿ. ಆ ಪುಣ್ಯಾತ್ಮ ಆ ಹತ್ತು ದಿನ ಕಣ್ಣು ಮುಚ್ಚಿ ಕೂತಿದ್ದರೆ ನಾನು ಇಲ್ಲಿಗೆ ಬರಬೇಕಿರಲಿಲ್ಲ.

ಬೆಳಗಿನ ನಾಲ್ಕಕ್ಕೆ ಗಂಟೆ. ನಾಲ್ಕೂವರೆಗೆ ಮೂಗಿನ ತುದಿಯಲ್ಲಿ ಉಸಿರು ನೋಡುತ್ತ ಕೂರುವುದು. ನನ್ನ ಉಸಿರು ಒಳಗೆ ಹೋದರೆ ಮೆನು ಬಿಚ್ಚುತ್ತಿತ್ತು, ಹೊರಗೆ ಬಂದರೆ ಮುಚ್ಚುತ್ತಿತ್ತು. ಒಂದು ಮುಂಜಾನೆ ಮೂಗಿನ ಮೇಲೆ ಕಡಿತ ಶುರುವಾಯಿತು. ಕೆರೆಯಬಾರದು, ಪ್ರತಿಕ್ರಿಯಿಸಬಾರದು, ಬಂದದ್ದು ಹೋಗುತ್ತದೆ ಎಂದು ಉಪದೇಶ. ನೋಡಿದೆ. ಕಡಿತ ಎಡ ಹೊಳ್ಳೆಗೆ ನಡೆಯಿತು, ತುಟಿಗೆ ಇಳಿಯಿತು, ಮತ್ತೆ ಮೇಲೇರಿ ಹುಬ್ಬಿನ ನಡುವೆ ಕೂತಿತು. ಕೆರೆಯಲಿಲ್ಲ. ಹೋಯಿತು. ಆಹಾ! ಮೌಸ್ ಸರಿದ ಕೂಡಲೇ ಮೆನು ಯಾಕೆ ಮುಚ್ಚಬೇಕು? ಅದೂ ಪ್ರತಿಕ್ರಿಯಿಸದೆ ಕೂರಲಿ, 300 ಮಿಲಿಸೆಕೆಂಡ್! ಗಡುವು ಹಾಕು, ಸೆಟ್‌ಟೈಮ್‌ಔಟ್! ಅಷ್ಟರೊಳಗೆ ಮೌಸ್ ಗೋಮಿ ತಲುಪಿದರೆ ಗಡುವು ರದ್ದು, ಕ್ಲಿಯರ್‌ಟೈಮ್‌ಔಟ್! ಬುದ್ಧನಿಗೆ ಕೂಡಲೇ ಹೇಳಿಕೊಳ್ಳಲು ಯಾರಾದರೂ ಸಿಕ್ಕಿದ್ದರೋ ಏನೋ, ನನಗೆ ಬಾಯಿ ತೆರೆಯುವಂತಿಲ್ಲ, ಬರೆದಿಡಲು ಪೆನ್ನಿಲ್ಲ. ಆಚಾರ್ಯರು ಕೇಳಿದ್ದಕ್ಕೆ ಮಾತ್ರ ಉತ್ತರಿಸಬಹುದು. ಅವರು ಕರೆದು, “ಸಂವೇದನೆ ಎಲ್ಲಿ ತಿಳಿಯುತ್ತಿದೆ?” ಎಂದು ಕೇಳಿದರು. “ಬಲಗೈ ತೋರುಬೆರಳಲ್ಲಿ” ಎಂದೆ. ಮೆಚ್ಚಿ ತಲೆಯಾಡಿಸಿದರು.

ಮೌನ ಮುಗಿದ ದಿನ ಊಟಕ್ಕೆ ಕೂತಾಗ ಪಕ್ಕದವರಿಗೆ ಈ ಸಾಕ್ಷಾತ್ಕಾರವನ್ನೆಲ್ಲ ಕೊರೆದೆ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ತಾಳ್ಮೆಯಿಂದ ಕೇಳಿಸಿಕೊಂಡು, “ಭಾಯ್‌ಸಾಬ್, ನಾನು ಮೌಸ್ ಮುಟ್ಟುವುದೇ ಇಲ್ಲ. ಕೀಬೋರ್ಡ್ ಒತ್ತುತ್ತೇನೆ, ಕಂಪ್ಯೂಟರ್ ಓದಿ ಹೇಳುತ್ತದೆ. ನಿಮ್ಮಂಥವರ ಮೆನು ನನಗೆ ಬಿಚ್ಚುವುದೂ ಇಲ್ಲ, ಮುಚ್ಚುವುದೂ ಇಲ್ಲ. ಅಲ್ಲಿ ಸೀರೆ ಇದೆ ಎಂಬುದೇ ತಿಳಿಯುವುದಿಲ್ಲ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಊಟ ಸಲೀಸಾಗಿ ಇಳಿಯುತ್ತಿತ್ತು. ಫೋನಿನಲ್ಲಿ ಬೆರಳಿಗೂ ಅದೇ ಗತಿ: ಒತ್ತಬಹುದು, ಮೌಸಿನಂತೆ ಮೇಲೆ ತೇಲಿಕೊಂಡು ನಿಲ್ಲಲಾಗದು. ಅಂಗಡಿಯ ಗಿರಾಕಿಗಳಲ್ಲಿ ಮೌಸ್ ಹಿಡಿದು ಕೂರುವವರು ಎಷ್ಟು ಮಂದಿಯೋ.

ವಾಪಸು ಬಂದು ‘ಸೀರೆ’ಯನ್ನು ಒತ್ತುವ ಬಟನ್ ಮಾಡಿದೆ. ಬಿಚ್ಚಿದೆಯೋ ಮುಚ್ಚಿದೆಯೋ ಎಂದು ಓದುವ ಯಂತ್ರಕ್ಕೆ ಹೇಳಲು ಆರಿಯಾ-ಎಕ್ಸ್‌ಪಾಂಡೆಡ್ ಎಂಬ ಗುರುತು ಸೇರಿಸಿದೆ. ಎಸ್ಕೇಪ್ ಒತ್ತಿದರೆ ಮುಚ್ಚುತ್ತದೆ. “ಮೊದಲಿನ ಹಾಗೆ ತಾನಾಗಿ ಇಳಿಯುವುದಿಲ್ಲವಲ್ಲ” ಎಂದು ಮಾಲೀಕರು ಇನ್ನೂ ಗೊಣಗುತ್ತಾರೆ. ಮೆನು ಬರೆಯುವ ಬಂಧುಗಳೇ, ನಿಮ್ಮ ಮೌಸನ್ನು ಒಂದು ದಿನ ಕಿತ್ತಿಟ್ಟು, ಬರೀ ಟ್ಯಾಬ್ ಕೀಲಿಯಲ್ಲಿ ನಿಮ್ಮ ಅಂಗಡಿಯಿಂದಲೇ ಒಂದು ಸೀರೆ ಕೊಂಡು ನೋಡಿ.