ಕ್ಲೌಡ್ ಪ್ರಾಜೆಕ್ಟ್ ಮೀಮಾಂಸೆ ಅಥವಾ ವಳಕಮದಿನ್ನಿ ಸಿದ್ಧಾಂತ

ಪ್ರತಿಜ್ಞೆ

ಕ್ಲೌಡ್ ವೇದಿಕೆಯ ಮೇಲೆ ಪ್ರಾಜೆಕ್ಟುಗಳನ್ನು ಹೇಗೆ ಜೋಡಿಸಬೇಕು, ಯಾರ ಹೆಸರಿಗೆ ಬರೆಯಬೇಕು, ಬಿಲ್ಲನ್ನು ಯಾರ ತಲೆಗೆ ಕಟ್ಟಬೇಕು ಎಂಬ ವಿದ್ಯೆ ಅಮೆರಿಕದಲ್ಲಿ ಹುಟ್ಟಿತೆಂದು ಲೋಕ ನಂಬಿದೆ. ಅಮೆಜಾನ್ 2006ರಲ್ಲಿ ತನ್ನ ಯಂತ್ರಗಳನ್ನು ಬಾಡಿಗೆಗೆ ಬಿಟ್ಟಿತು, ಗೂಗಲ್ 2008ರಲ್ಲಿ ಆ್ಯಪ್ ಎಂಜಿನ್ ತೆರೆಯಿತು ಎಂಬುದನ್ನು ಈ ಪ್ರಬಂಧ ಅಲ್ಲಗಳೆಯುವುದಿಲ್ಲ. ಆದರೆ ಆ ವಿದ್ಯೆಯ ಬೇರು ರಾಯಚೂರು ಜಿಲ್ಲೆಯಲ್ಲಿದೆ, ಅದರಲ್ಲೂ ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ಮೂರು ಹೆಸರುಗಳ ನಡುವೆ ಸಿಗುವ ವಳಕಮದಿನ್ನಿ ಎಂಬ ಹಳ್ಳಿಯ ಆಸುಪಾಸಿನಲ್ಲಿದೆ ಎಂದು ಇಲ್ಲಿ ಸಾಧಿಸಲಾಗುವುದು. ಪ್ರಮಾಣಗಳು ಎರಡು: ಒಂದು ಬಂಡೆಗಲ್ಲು, ಇನ್ನೊಂದು ಪಹಣಿ. ಎರಡೂ ಸರ್ಕಾರಿ ದಾಖಲೆಗಳಾದ್ದರಿಂದ ಅನುಮಾನಕ್ಕೆ ಅವಕಾಶವಿಲ್ಲ.

ಪೂರ್ವಪಕ್ಷ

ಪೂರ್ವಪಕ್ಷಿಯು ಬೆಂಗಳೂರಿನ ವೈಟ್‌ಫೀಲ್ಡ್ ನಿವಾಸಿ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಲ್ಯಾಪ್‌ಟಾಪ್. ಆತನ ವಾದವನ್ನು ನ್ಯಾಯವಾಗಿಯೇ ಮಂಡಿಸಬೇಕು. ಗೂಗಲ್ ಕ್ಲೌಡಿನಲ್ಲಿ ಎಲ್ಲಕ್ಕಿಂತ ಮೇಲೆ ಆರ್ಗನೈಸೇಷನ್, ಅದರ ಕೆಳಗೆ ಫೋಲ್ಡರ್‌ಗಳು, ಫೋಲ್ಡರ್‌ಗಳ ಕೆಳಗೆ ಪ್ರಾಜೆಕ್ಟುಗಳು, ಪ್ರಾಜೆಕ್ಟಿನ ಒಳಗೆ ಯಂತ್ರ, ಡೇಟಾಬೇಸ್, ಬಕೆಟ್ ಮುಂತಾದ ಸಂಪನ್ಮೂಲಗಳು. ಫೋಲ್ಡರಿನೊಳಗೆ ಫೋಲ್ಡರ್ ಇಡುತ್ತ 10 ಹಂತದವರೆಗೆ ಇಳಿಯಬಹುದು. ಮೇಲೆ ಕೊಟ್ಟ ಅಧಿಕಾರ ತಾನಾಗಿ ಕೆಳಗಿಳಿಯುತ್ತದೆ. ಅಮೆಜಾನ್‌ನವರು ಇದೇ ಕೆಲಸಕ್ಕೆ ಅಕೌಂಟ್ ಎನ್ನುತ್ತಾರೆ, ಮೈಕ್ರೋಸಾಫ್ಟ್‌ನವರು ಸಬ್‌ಸ್ಕ್ರಿಪ್ಷನ್ ಎನ್ನುತ್ತಾರೆ. ಮಠ ಬೇರೆ, ಮತ ಒಂದೇ.

ಪ್ರತಿ ಪ್ರಾಜೆಕ್ಟಿಗೆ ಮೂರು ಗುರುತುಗಳಿವೆ. ಹೆಸರನ್ನು ಮನಸ್ಸು ಬಂದಾಗ ಬದಲಿಸಬಹುದು. ಸಂಖ್ಯೆಯನ್ನು ವೇದಿಕೆಯೇ ಕೊಡುತ್ತದೆ. ಐಡಿ ಮಾತ್ರ ಒಮ್ಮೆ ಇಟ್ಟರೆ ಇಟ್ಟಂತೆಯೇ. ಇಡೀ ಪ್ರಪಂಚದಲ್ಲಿ ಅಂಥದ್ದು ಇನ್ನೊಂದು ಇರಕೂಡದು. ಅದು 6ರಿಂದ 30 ಅಕ್ಷರಗಳೊಳಗಿನ ಸಣ್ಣ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಗಳಿಂದಾಗಬೇಕು. ಅಕ್ಷರದಿಂದಲೇ ಶುರುವಾಗಬೇಕು, ಅಡ್ಡಗೆರೆಯಲ್ಲಿ ಮುಗಿಯಬಾರದು.

ಈ ನಿಯಮದಲ್ಲಿಯೇ ಪೂರ್ವಪಕ್ಷಿ ಸಿಕ್ಕಿಬೀಳುತ್ತಾನೆ. ಮಸ್ಕಿ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಐದೇ ಅಕ್ಷರ. ತಾಲ್ಲೂಕು ಕೇಂದ್ರವಾದರೂ ಐಡಿಯಾಗಲು ಅನರ್ಹ. ವಳಕಮದಿನ್ನಿಯಾದರೋ 13 ಅಕ್ಷರ. ಅಡ್ಡಗೆರೆಯ ಹಂಗೂ ಇಲ್ಲದೆ ಪಾಸಾಗುತ್ತದೆ. ಇದನ್ನು ಕಾಕತಾಳೀಯ ಎನ್ನುವವರು ಎನ್ನಲಿ. ಸಂಶೋಧನೆಯಲ್ಲಿ ಕಾಕತಾಳೀಯವು ಮೂರು ಸಲ ಬಂದರೆ ಸಿದ್ಧಾಂತವಾಗುತ್ತದೆ.

ಪ್ರಥಮ ಪ್ರಮಾಣ: ಬಂಡೆ

1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಮಸ್ಕಿಗೆ ಬಂದ. ಸಿಕ್ಕಿದ್ದು ಅಕ್ಷರ. ಕ್ರಿ.ಪೂ. 3ನೇ ಶತಮಾನದ ಆ ಬ್ರಾಹ್ಮಿ ಶಾಸನವನ್ನು ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು. ಆವರೆಗೆ ದೇಶದ ನಾನಾ ಕಡೆ ಸಿಕ್ಕಿದ್ದ ಇಂಥ ಶಾಸನಗಳ ಒಡೆಯ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡಿದ್ದ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಲಿಪಿಯನ್ನು ಓದಿ ಬಿಡಿಸಿದ ಮೇಲೂ ಈತ ಯಾರೆಂದು ಹೇಳಲು ಸಿಂಹಳದ ಗ್ರಂಥಗಳ ಸಾಕ್ಷಿ ಬೇಕಾಯಿತು. ಮಸ್ಕಿಯ ಬಂಡೆಯೊಂದೇ ಅಶೋಕ ಎಂದು ಹೆಸರು ಹಿಡಿದು ಹೇಳಿತು. ಗುಜರ್ರಾ, ನಿಟ್ಟೂರು, ಉಡೇಗೋಳಗಳಲ್ಲಿ ಅದೇ ಹೆಸರು ಸಿಕ್ಕಿದ್ದು ಆಮೇಲೆ.

ಇದರ ತಾಂತ್ರಿಕ ಅರ್ಥ ಸ್ಪಷ್ಟ. ಪಾಟಲಿಪುತ್ರದ ಒಬ್ಬ ಗ್ರಾಹಕ ಒಂದೇ ಪಠ್ಯವನ್ನು ಹಲವು ರೀಜನ್‌ಗಳಿಗೆ ನಕಲು ಮಾಡಿ ಹರಡಿದ್ದಾನೆ. ಕರ್ನಾಟಕದಲ್ಲೇ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಕೊಪ್ಪಳದ ಗವಿಮಠ, ಪಾಲ್ಕಿಗುಂಡು. ಬಹುತೇಕ ಕಡೆ ಓನರ್ ಲೇಬಲ್ ಹಚ್ಚಲು ಮರೆತಿದ್ದಾನೆ. ಪರಿಣಾಮವಾಗಿ ಎರಡು ಸಾವಿರ ವರ್ಷ ಮೀರಿ ಈ ಆಸ್ತಿ ಯಾರದು ಎಂಬ ತನಿಖೆ ನಡೆಯಿತು. ಗೂಗಲ್ ಇಂದು ಒಂದು ಪ್ರಾಜೆಕ್ಟಿಗೆ 64 ಲೇಬಲ್ ಹಚ್ಚಲು ಬಿಡುತ್ತದೆ. ಕಂಪನಿಗಳು ಒಂದನ್ನೂ ಹಚ್ಚದೆ ವರ್ಷದ ಕೊನೆಗೆ ಈ ಸರ್ವರ್ ಯಾರದಪ್ಪಾ ಎಂದು ಇಮೇಲ್ ಕಳಿಸುತ್ತವೆ.

ಬ್ರಹ್ಮಗಿರಿಯ ಪ್ರತಿ ಇನ್ನೂ ರುಚಿಕರ. ಆಜ್ಞೆ ಅಲ್ಲಿಗೆ ನೇರ ಬಂದಿಲ್ಲ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಯೋಗಕ್ಷೇಮ ವಿಚಾರಿಸಿ, ಆಮೇಲೆ ಆಜ್ಞೆ ದಾಟಿಸಿದ್ದಾರೆ. ಆರ್ಗನೈಸೇಷನ್ ಪಾಟಲಿಪುತ್ರ, ಫೋಲ್ಡರ್ ಸುವರ್ಣಗಿರಿ, ಪ್ರಾಜೆಕ್ಟ್ ಇಸಿಲ. ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರು ಕೆತ್ತಿದ್ದಾನೆ. ಲಿಪಿಕಾರ ಎಂಬ ಪದವಿಯನ್ನು ಮಾತ್ರ ಈ ಕಡೆ ಯಾರಿಗೂ ಬಾರದ, ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಕೆಲಸ ಮಾಡಿದವನಾರೆಂದು ಲಾಗ್‌ನಲ್ಲಿ ದಾಖಲಾಗಬೇಕು, ಆದರೆ ಅದನ್ನು ಯಾರೂ ಓದಲಾಗಬಾರದು ಎಂಬ ಪರಂಪರೆ ಅಂದಿನಿಂದ ಇಂದಿನವರೆಗೆ ಅವಿಚ್ಛಿನ್ನವಾಗಿ ಬಂದಿದೆ.

ದ್ವಿತೀಯ ಪ್ರಮಾಣ: ಪಹಣಿ

ಹೊಸ ಶತಮಾನದ ಆರಂಭದಲ್ಲಿ ಕಂದಾಯ ಇಲಾಖೆ ಭೂಮಿ ಎಂಬ ತಂತ್ರಾಂಶದಿಂದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೇರಿಸಿತು. ತಂತ್ರಾಂಶ ಬರೆದದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಆರಂಭದಲ್ಲಿ ಒಂದು ಪ್ರತಿಗೆ 15 ರೂಪಾಯಿ. ವಳಕಮದಿನ್ನಿಯ ಒಂದು ಹೊಲವನ್ನು ಅದರಲ್ಲಿ ಹುಡುಕುವವರು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಎಂದು ಏಳು ಮೆಟ್ಟಿಲು ಇಳಿಯಬೇಕು. ಸರ್ನಾಕ್ ಎಂಬ ಆರನೆಯ ಮೆಟ್ಟಿಲಲ್ಲಿ ಸಾಮಾನ್ಯವಾಗಿ ಒಂದು ನಕ್ಷತ್ರ ಮಾತ್ರ ಇರುತ್ತದೆ. ಅದೇನೆಂದು ರೈತ ಕೇಳುವುದಿಲ್ಲ, ಒತ್ತಿ ಮುಂದೆ ಹೋಗುತ್ತಾನೆ. ಕ್ಲೌಡಿನಲ್ಲೂ ಅಧಿಕಾರದ ಪಟ್ಟಿಯಲ್ಲಿ ನಕ್ಷತ್ರ ಕಂಡರೆ ಎಂಜಿನಿಯರ್ ಹಾಗೆಯೇ ಮಾಡುತ್ತಾನೆ. ವ್ಯತ್ಯಾಸವೆಂದರೆ ಅಲ್ಲಿ ಆ ನಕ್ಷತ್ರ ಎಲ್ಲ ಬಾಗಿಲನ್ನೂ ತೆರೆದಿಡುತ್ತದೆ.

ಮಾಲೀಕ ಬದಲಾದರೂ ಸರ್ವೆ ನಂಬರ್ ಬದಲಾಗದು. ಅದೇ ಪ್ರಾಜೆಕ್ಟ್ ಐಡಿ. ಅಣ್ಣತಮ್ಮಂದಿರು ಪಾಲಾದರೆ ಪೋಡಿಯಾಗಿ ಹಿಸ್ಸಾ ನಂಬರ್ ಬೀಳುತ್ತದೆ. ಡೆವಲಪ್‌ಮೆಂಟ್, ಟೆಸ್ಟ್, ಪ್ರೊಡಕ್ಷನ್ ಎಂದು ಮೂರು ಪ್ರಾಜೆಕ್ಟ್ ಮಾಡುವುದು ಇದನ್ನೇ. ಕಲಂ 9ರಲ್ಲಿ ಸ್ವಾಧೀನದಾರ, ಅಂದರೆ ಓನರ್. ಕಲಂ 12ರಲ್ಲಿ ಸಾಗುವಳಿದಾರ, ಅಂದರೆ ಎಡಿಟರ್. ದುಡ್ಡು ಕೊಟ್ಟು ಪ್ರತಿ ತೆಗೆಸುವ ಊರವರೆಲ್ಲ ವ್ಯೂವರ್. ಕಲಂ 11ರಲ್ಲಿ ಬ್ಯಾಂಕಿನ ಸಾಲ ಕೂತಿದ್ದರೆ ಹೊಲ ಮಾರುವುದು ಸುಲಭವಲ್ಲ. ಗೂಗಲ್‌ನಲ್ಲೂ ಪ್ರಾಜೆಕ್ಟಿನ ಮೇಲೆ ಲಿಯನ್ ಹಾಕಿದ್ದರೆ, ಅದನ್ನು ತೆಗೆಯುವ ತನಕ ಪ್ರಾಜೆಕ್ಟ್ ಅಳಿಸಲು ಬರುವುದಿಲ್ಲ.

ಮಸ್ಕಿ ಹೊಸ ತಾಲ್ಲೂಕಾಗಿ ಸುತ್ತಲಿನ ಹಳ್ಳಿಗಳು ಹಳೆಯ ತಾಲ್ಲೂಕುಗಳಿಂದ ಅದಕ್ಕೆ ಸೇರಿದಾಗ ಇನ್ನೊಂದು ಪಾಠ ಸಿಕ್ಕಿತು. ಹೊಲ ಇದ್ದಲ್ಲೇ ಇತ್ತು, ಸರ್ವೆ ನಂಬರ್ ಅದೇ ಇತ್ತು, ತಹಶೀಲ್ದಾರರು ಬೇರೆಯಾದರು. ಪ್ರಾಜೆಕ್ಟನ್ನು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸಾಗಿಸಿದಾಗಲೂ ಐಡಿ ಉಳಿಯುತ್ತದೆ, ಮೇಲಿನಿಂದ ಇಳಿದು ಬರುವ ಅಧಿಕಾರ ಮಾತ್ರ ಬದಲಾಗುತ್ತದೆ. ಇದನ್ನು ತಿಳಿಯದೆ ಸಾಗಿಸಿದವರು ಮರುದಿನ ತಮ್ಮ ಹೊಲಕ್ಕೆ ತಾವೇ ಹೋಗಲಾಗದೆ ಬದುವಿನ ಮೇಲೆ ನಿಲ್ಲುತ್ತಾರೆ.

ಆಕ್ಷೇಪ, ಸಮಾಧಾನ

ಮೊದಲ ಆಕ್ಷೇಪ: ಕ್ಲೌಡಿನಲ್ಲಿ ಒಂದೇ ಪ್ರಾಜೆಕ್ಟಿಗೆ ಹತ್ತು ಜನ ಓನರ್ ಇರಬಹುದಲ್ಲ? ಸಮಾಧಾನವನ್ನು ಸಂವಾದ ರೂಪದಲ್ಲಿ ಕೊಡುವುದು ಶಾಸ್ತ್ರಸಮ್ಮತ. ರಜೆಗೆ ಊರಿಗೆ ಬಂದ ಹುಡುಗನನ್ನು ದೊಡ್ಡಪ್ಪ ಕೇಳುತ್ತಾನೆ:

“ತಮ್ಮಾ, ನಿಮ್ಮ ಕಂಪನ್ಯಾಗಿನ ಪ್ರಾಜೆಕ್ಟ್ ಯಾರ ಹೆಸರಿಲೆ ಐತಿ?”

“ಎಲ್ಲಾರೂ ಓನರ್ ಅದೀವಿ ದೊಡ್ಡಪ್ಪ.”

“ಹಂಗಾದ್ರ ಕೋರ್ಟಿನ್ಯಾಗ ಐತಿ ಅನ್ನು.”

ಪ್ರೊಡಕ್ಷನ್ ಪ್ರಾಜೆಕ್ಟಿನಲ್ಲಿ ಓನರ್, ಎಡಿಟರ್ ಎಂಬ ದೊಡ್ಡ ಪಾತ್ರಗಳನ್ನು ಹಂಚಬೇಡಿ, ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಿ ಎಂದು ಗೂಗಲ್ ತನ್ನ ಕೈಪಿಡಿಯಲ್ಲಿ ಬರೆದಿದೆ. ದೊಡ್ಡಪ್ಪ ಕೈಪಿಡಿ ಓದದೆಯೇ ಅಲ್ಲಿಗೆ ಮುಟ್ಟಿದ್ದಾನೆ.

ಎರಡನೆಯ ಆಕ್ಷೇಪ: ಓನರ್ ಕೆಲಸ ಬಿಟ್ಟರೆ? ಇದು ಪೌತಿ ಪ್ರಕರಣ. ತೀರಿಹೋದ ಅಜ್ಜನ ಹೆಸರಲ್ಲೇ ಪಹಣಿ ಉಳಿದು, ಮೊಮ್ಮಕ್ಕಳು ಪೌತಿ ಖಾತೆಗೆ ಅಲೆಯುವುದು ಕರ್ನಾಟಕದ ಯಾವ ನಾಡಕಚೇರಿಗೂ ಹೊಸದಲ್ಲ. ಕಂಪನಿ ಬಿಟ್ಟ ನೌಕರನ ಹೆಸರಲ್ಲಿ ಉಳಿದ ಪ್ರಾಜೆಕ್ಟುಗಳಿಗೂ ಇದೇ ಗತಿ. ಅಜ್ಜನ ಹೊಲದಲ್ಲಿ ಜಾಲಿಯಾದರೂ ಬೆಳೆಯುತ್ತದೆ. ಇಲ್ಲಿ ಬಿಲ್ ಒಂದೇ ಬೆಳೆಯುತ್ತದೆ.

ಮೂರನೆಯದು: ಖರ್ಚು ಮಿತಿ ಮೀರದಂತೆ ಬಜೆಟ್ ಇಡಬಹುದಲ್ಲ? ಇಡಬಹುದು. ಶೇ 50, 90, 100 ಆದಾಗ ವೇದಿಕೆ ಇಮೇಲ್ ಕಳಿಸುತ್ತದೆ. ಆದರೆ ಎಚ್ಚರಿಕೆ ಕೊಡುವುದಷ್ಟೇ ಅದರ ಧರ್ಮ, ಖರ್ಚು ನಿಲ್ಲಿಸುವುದಲ್ಲ. ನಿಲ್ಲಿಸಬೇಕೆಂದರೆ ಅದಕ್ಕೆ ಬೇರೆ ವ್ಯವಸ್ಥೆಯನ್ನು ಬಳಕೆದಾರನೇ ಕಟ್ಟಬೇಕು.

ನಾಲ್ಕನೆಯದು ಬಲವಾದದ್ದು. ಕಲ್ಲನ್ನು ಅಳಿಸಲಾಗದು, ಕ್ಲೌಡನ್ನು ಅಳಿಸಬಹುದು. ಹಾಗಾದರೆ ಹೋಲಿಕೆ ಹೇಗೆ? ನಿಜ, ಅಳಿಸಿದ ಗೂಗಲ್ ಪ್ರಾಜೆಕ್ಟಿಗೆ 30 ದಿನದ ಗಡುವಿದೆ. ಅಷ್ಟರೊಳಗೆ ಮನಸ್ಸು ಬದಲಿಸಿದರೆ ಮರಳಿ ಸಿಗುತ್ತದೆ, ಆಮೇಲೆ ಆ ಐಡಿ ಕೂಡ ಮತ್ತೆ ಯಾರಿಗೂ ಸಿಗುವುದಿಲ್ಲ. ಈ ಆಕ್ಷೇಪಕ್ಕೆ ಉತ್ತರವನ್ನು ದೂರದ ಆಸ್ಟ್ರೇಲಿಯದಿಂದ ತರಬೇಕಾಗಿದೆ.

ದೃಷ್ಟಾಂತ

ಯೂನಿಸೂಪರ್ ಎಂಬುದು 6 ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಆಸ್ಟ್ರೇಲಿಯದ ನಿವೃತ್ತಿ ನಿಧಿ. 2024ರ ಮೇ ತಿಂಗಳಲ್ಲಿ ಗೂಗಲ್‌ನಲ್ಲಿದ್ದ ಅದರ ಖಾಸಗಿ ಕ್ಲೌಡ್ ಅಳಿಸಿಹೋಯಿತು. ಕಳ್ಳರು ಬಂದಿರಲಿಲ್ಲ. ಹಿಂದಿನ ವರ್ಷ ಅದನ್ನು ಸಿದ್ಧಪಡಿಸುವಾಗ ಗೂಗಲ್‌ನ ಒಳಗಿನ ಉಪಕರಣವೊಂದರಲ್ಲಿ ಒಂದು ಅಂಕಣ ಖಾಲಿ ಉಳಿದಿತ್ತು. ಖಾಲಿಯಿದ್ದರೆ ಒಂದು ವರ್ಷದ ಅವಧಿ ಎಂದು ಉಪಕರಣ ತಾನೇ ಅರ್ಥ ಮಾಡಿಕೊಂಡಿತು. ವರ್ಷ ತುಂಬಿದ್ದೇ ತಡ, ಅಳಿಸಿತು. ಗ್ರಾಹಕ ಅಳಿಸಲು ಹೇಳಿದ್ದಲ್ಲವಾದ್ದರಿಂದ ಗ್ರಾಹಕನಿಗೆ ಎಚ್ಚರಿಕೆಯೂ ಹೋಗಲಿಲ್ಲ. ವಾರ ಮೀರಿ ಸೇವೆ ಏರುಪೇರಾಯಿತು. ಬ್ಯಾಕಪ್‌ಗಳಿದ್ದುದರಿಂದ, ಅದರಲ್ಲೂ ಬೇರೊಂದು ಕಂಪನಿಯ ಬಳಿ ಪ್ರತಿ ಇಟ್ಟಿದ್ದರಿಂದ, ದತ್ತಾಂಶ ಉಳಿಯಿತು.

ಒಂದೇ ಪಠ್ಯವನ್ನು ಹತ್ತಾರು ಬಂಡೆಗಳ ಮೇಲೆ ಕೆತ್ತಿಸಿದ ಚಕ್ರವರ್ತಿಯ ದೂರದೃಷ್ಟಿಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ನಾಲ್ಕನೆಯ ಆಕ್ಷೇಪ ಬಿದ್ದುಹೋಯಿತು.

ನಿರ್ಣಯ

ಎಲ್ಲವೂ ಮೊದಲೇ ನಮ್ಮಲ್ಲಿತ್ತು ಎಂದು ಸಾಧಿಸುವ ಪ್ರಬಂಧಗಳು ಸಾಮಾನ್ಯವಾಗಿ ಇಲ್ಲಿಗೆ ಚಪ್ಪಾಳೆಯೊಡನೆ ಮುಗಿಯುತ್ತವೆ. ಈ ಪ್ರಬಂಧಕ್ಕೆ ಒಂದು ತೊಡಕಿದೆ. ವಳಕಮದಿನ್ನಿಯಲ್ಲಿ ನಿಂತು ಗೂಗಲ್‌ನಲ್ಲಿ ಪ್ರಾಜೆಕ್ಟ್ ತೆರೆದು ಭಾರತದ ಕೇಂದ್ರವನ್ನೇ ಆರಿಸಿದರೂ ಯಂತ್ರ ಕೂರುವುದು 2017ರಲ್ಲಿ ಶುರುವಾದ ಮುಂಬೈ ಕೇಂದ್ರದಲ್ಲಿ, ಇಲ್ಲವೇ 2021ರ ದೆಹಲಿ ಕೇಂದ್ರದಲ್ಲಿ. ಬಿಲ್ ಮಾತ್ರ ನೇರ ಊರಿಗೇ ಬರುತ್ತದೆ. ಸಿದ್ಧಾಂತದ ಕೀರ್ತಿ ನಮ್ಮದು, ವಸೂಲಿ ಅವರದು.

ಆದ್ದರಿಂದ ಕ್ಲೌಡಿನಲ್ಲಿ ಒಂದಾದರೂ ಪ್ರಾಜೆಕ್ಟ್ ಇರುವ ಓದುಗರು ಈ ಸಿದ್ಧಾಂತವನ್ನು ಒಪ್ಪಲಿ ಬಿಡಲಿ, ಇಂದು ಸಂಜೆ ನಾಲ್ಕು ಕೆಲಸ ಮಾಡಬೇಕು: ಓನರ್ ಪಟ್ಟಿಯಲ್ಲಿ ಯಾರು ಯಾರಿದ್ದಾರೆ ನೋಡುವುದು, ಕೆಲಸ ಬಿಟ್ಟವರ ಹೆಸರು ತೆಗೆಯುವುದು, ಜವಾಬ್ದಾರರ ಹೆಸರಿನ ಲೇಬಲ್ ಹಚ್ಚುವುದು, ಒಂದು ಬ್ಯಾಕಪ್ ಪ್ರತಿಯನ್ನು ಬೇರೆಡೆ ಇಡುವುದು. ಪರೀಕ್ಷೆಗೆಂದು ಹುಟ್ಟುಹಾಕಿ ಮರೆತ ಪ್ರಾಜೆಕ್ಟ್ ಕಣ್ಣಿಗೆ ಬಿದ್ದರೆ ಅಳಿಸಿಬಿಡಿ. ಪಶ್ಚಾತ್ತಾಪಕ್ಕೆ 30 ದಿನ ಇದ್ದೇ ಇದೆ.